ಹತ್ತಿಯ ಎಳೆ, ಬೂಷ್ಟಿನ ಎಳೆ

ಪೆಟ್ಟಿಗೆ ಬಿಚ್ಚಿದ ದಿನ ಆ ಹಿಂದಿನ ಕೋಣೆಯಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಹುಮನಾಬಾದಿನ ಆ ಸಣ್ಣ ಕಣ್ಣಿನ ದವಾಖಾನೆಯ ಡಾಕ್ಟರು ನಸೀರ್ ಸಾಹೇಬರು. ಅವರ ಲ್ಯಾಬು ನೋಡಿಕೊಳ್ಳುತ್ತಿದ್ದ ನಾನು. ಗಾಜು ತೊಳೆಯುವುದರಿಂದ ಹಿಡಿದು ರೋಗಿಗಳನ್ನು ಬೈದು ಸಾಲಿಗೆ ಕೂರಿಸುವ ತನಕ ಎಲ್ಲ ಮಾಡುವ ಕಾಶೀಬಾಯಿ. ಮತ್ತೆ ಹೈದರಾಬಾದಿನಿಂದ ಆ ಪೆಟ್ಟಿಗೆಯನ್ನು ಎಳೆಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ ಪದ್ಮಜಾ ಮೇಡಂ. ಬೆಳಕು ಬರಬಾರದು ಅಂತ ಕಿಟಕಿಗೆ ಕಾಶೀಬಾಯಿ ತನ್ನ ಮನೆಯ ಕೌದಿ ತಂದು ಮೊಳೆ ಹೊಡೆದಿದ್ದಳು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಗ್ಗತ್ತಲು.

ಮೊನ್ನೆ ಬಸವಕಲ್ಯಾಣದಿಂದ ಹೋಗಿ ಹುಮನಾಬಾದ್ ಸ್ಟ್ಯಾಂಡಿನಲ್ಲಿ ಇಳಿದಾಗ ತೊಗರಿ ಹೊಟ್ಟು ಹೇರಿಕೊಂಡ ಟ್ರ್ಯಾಕ್ಟರೊಂದು ಪಕ್ಕದಲ್ಲೇ ಹಾದುಹೋಯಿತು. ಒಣಗಿದ, ತುಸು ಸಿಹಿಯಾದ, ಗಂಟಲಿಗೆ ಕಚ್ಚುವ ವಾಸನೆ. ಒಂದು ಕಣವೇನಾದರೂ ಬಿತ್ತೋ ಏನೋ, ಕೈ ತಾನಾಗಿ ಸೆರಗಿನ ತುದಿ ಹಿಡಿದು ಕಣ್ಣಿನ ಕಡೆ ಹೊರಟಿತು. ಅರ್ಧದಲ್ಲೇ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಅಂತ ಹೇಳಬೇಕಾದರೆ ಆ ಒಂದು ರಾಶಿ ಕಾಲದ ಮಾತು ಹೇಳಬೇಕು.

ನಮ್ಮ ಕಡೆ ತೊಗರಿ ಒಕ್ಕುವ ರಾಶಿ ಶುರುವಾಯಿತು ಅಂದರೆ ಕಣ್ಣಿನ ದವಾಖಾನೆಗೆ ಸುಗ್ಗಿ. ಮಷಿನ್ನಿಗೆ ತೊಗರಿ ಹಾಕುವಾಗ ಕಟಗಿಯ ಚೂರು ಹಾರಿ ಕಣ್ಣಿಗೆ ಬಡಿಯುತ್ತದೆ. ಮೊದಲ ದಿನ ಬರೀ ಚುಚ್ಚು. ಮೂರನೆಯ ದಿನಕ್ಕೆ ಕೆಂಪು. ವಾರ ತುಂಬುವುದರೊಳಗೆ ಕರಿಗುಡ್ಡೆಯ ಮೇಲೆ ಜೋಳದ ನುಚ್ಚಿನಷ್ಟು ಬಿಳಿ ಚುಕ್ಕೆ. ಆ ಚುಕ್ಕೆ ಬ್ಯಾಕ್ಟೀರಿಯಾದಿಂದ ಬಂದದ್ದೋ ಬೂಷ್ಟಿನಿಂದ ಬಂದದ್ದೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎರಡಕ್ಕೂ ಔಷಧ ಬೇರೆ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಕಣ್ಣು ಹೋಗುವ ದಾರಿ ಹಿಡಿಯುತ್ತದೆ. ಚುಕ್ಕೆಯ ಜಾಗವನ್ನು ಸಣ್ಣಗೆ ಕೆರೆದು ಗಾಜಿನ ಮೇಲೆ ಇಟ್ಟು ಸಾದಾ ಸೂಕ್ಷ್ಮದರ್ಶಕದಲ್ಲಿ ನಾನು ನೋಡುತ್ತಿದ್ದೆ. ಆದರೆ ಬೂಷ್ಟಿನ ಎಳೆಗೆ ತನ್ನದೇ ಬಣ್ಣವಿಲ್ಲ, ನೀರಿನಲ್ಲಿ ನೀರಿನ ಗೆರೆ ಹುಡುಕಿದ ಹಾಗೆ. ಸಂಶಯ ಬಂದರೆ ಸಾಹೇಬರು ಹೈದರಾಬಾದಿಗೆ ಬರೆದುಕೊಡುತ್ತಿದ್ದರು. "ಹೌದ್ರಿ, ಹೋಗತೀವ್ರಿ" ಅಂತ ಚೀಟಿ ಮಡಚಿಟ್ಟುಕೊಂಡು ಹೋದವರು ತಿಂಗಳು ಬಿಟ್ಟು ಬರುತ್ತಿದ್ದರು, ಕಣ್ಣು ಬೆಳ್ಳಗಾದ ಮೇಲೆ. ಮುಡಬಿಯ ಒಬ್ಬಾತ ಹಾಗೆ ಬಂದು, "ಸಾಹೇಬ್ರ, ರಾಶಿ ಮುಗಿಸಿ ಹೋಗಬೇಕಂತ ಮಾಡಿದ್ದೆ" ಅಂದಿದ್ದ. ರಾಶಿ ಮುಗಿದಿತ್ತು. ಕಣ್ಣೂ ಮುಗಿದಿತ್ತು.

ಅದಕ್ಕೇ ಆ ಪೆಟ್ಟಿಗೆ. ಅದರೊಳಗೆ ಇದ್ದದ್ದು ನೇರಳೆ ದೀಪದ ಒಂದು ಸೂಕ್ಷ್ಮದರ್ಶಕ, ಕಪ್ಪು ಕಾಗದ ಸುತ್ತಿದ ಒಂದು ಸಣ್ಣ ಬಾಟಲಿ. ಬಾಟಲಿಯಲ್ಲಿ ಕ್ಯಾಲ್ಕೋಫ್ಲೋರ್ ಅನ್ನುವ ಬಣ್ಣ. ಬಣ್ಣ ಅಂತ ಹೆಸರು, ನೋಡಿದರೆ ನೀರಿನ ಹಾಗಿತ್ತು. ಪದ್ಮಜಾ ಮೇಡಂ ಹೈದರಾಬಾದಿನ ಒಂದು ದೊಡ್ಡ ಕಣ್ಣಿನ ಆಸ್ಪತ್ರೆಯ ಸಂಶೋಧನಾ ವಿಭಾಗದವರು, ತಾಯಿಯ ಕಡೆಯಿಂದ ರಾಯಚೂರಿನವರು. ಅವರು ತಂದಿದ್ದ ಬೂಷ್ಟಿನ ಮೇಲೆ ಒಂದು ಹನಿ ಬಿಟ್ಟು, ದೀಪ ಹಚ್ಚಿ, "ನೋಡಿ" ಅಂದರು. ಕಪ್ಪು ಆಕಾಶದಲ್ಲಿ ಮಿಂಚು ನಿಂತುಬಿಟ್ಟರೆ ಹೇಗಿರುತ್ತದೋ ಹಾಗೆ ತಿಳಿನೀಲಿ ಎಳೆಗಳು. ಬೂಷ್ಟಿನ ಜೀವಕೋಶಕ್ಕೆ ಒಂದು ಗಟ್ಟಿ ಗೋಡೆ ಇರುತ್ತದೆ, ಈ ಬಣ್ಣ ಹೋಗಿ ಆ ಗೋಡೆಗೇ ಅಂಟುತ್ತದೆ. ನಮ್ಮ ಕಣ್ಣಿನ ಕೋಶಕ್ಕೆ ಅಂಥ ಗೋಡೆ ಇಲ್ಲ, ಹಾಗಾಗಿ ಅದು ಹೊಳೆಯುವುದಿಲ್ಲ. ಅಷ್ಟೇ ಗುಟ್ಟು.

ಮೇಡಂ ಮಾತು ಖಡಕ್ಕಾಗಿತ್ತು. "ಈ ರಾಶಿ ಮುಗಿಯೋವರೆಗೆ ನೋಡೋಣ. ಪ್ರತಿ ಕಣ್ಣಿನದ್ದು ಅರ್ಧ ನಿಮ್ಮ ಗಾಜಿಗೆ, ಅರ್ಧ ನಮ್ಮ ತಟ್ಟೆಗೆ. ತಟ್ಟೆಯಲ್ಲಿ ನಾವು ಬೆಳೆಸಿ ನೋಡ್ತೀವಿ. ನಿಮಗೆ ಕಂಡದ್ದನ್ನ ಲಕೋಟೆಯಲ್ಲಿ ಬರೆದು ಮುಚ್ಚಿ ಕಳಿಸಿ. ಎರಡೂ ಒಂದೇ ಮಾತು ಹೇಳಿದರೆ ಪೆಟ್ಟಿಗೆ ಇಲ್ಲೇ ಇರತ್ತೆ, ಇಲ್ಲದಿದ್ದರೆ ತಗೊಂಡು ಹೋಗ್ತೀನಿ. ಅಲ್ಲೀವರೆಗೆ ಈ ದೀಪ ನೋಡಿ ಯಾರಿಗೂ ಔಷಧ ಹಾಕಬೇಡಿ, ಡಾಕ್ಟ್ರು ತಮ್ಮ ಹಳೇ ರೀತಿಯಲ್ಲೇ ನಡೀಲಿ."

ನಾನು ದಿನಾ ಕಲ್ಯಾಣದಿಂದ ಮೊದಲ ಬಸ್ಸಿಗೆ ಬರುವವಳು. ಆ ಚಳಿಯಲ್ಲಿ ಬೆರಳು ಮರಗಟ್ಟಿರುತ್ತಿದ್ದವು, ಉಜ್ಜಿಕೊಂಡು ಗಾಜು ಹಿಡಿಯುತ್ತಿದ್ದೆ. ಬಣ್ಣದ ಒಂದು ಹನಿ, ಕ್ಷಾರದ ಒಂದು ಹನಿ, ಮೇಲೆ ತೆಳು ಗಾಜು, ಒಳಗಿನದು ಒಣಗದ ಹಾಗೆ ಅಂಚಿಗೆ ಉಗುರಿನ ಪಾಲಿಶ್. ಬಜಾರಿನಲ್ಲಿ ನನಗೆ ಸಿಕ್ಕದ್ದು ಕಡುಗೆಂಪು ಪಾಲಿಶ್. ಕಾಶೀಬಾಯಿ ಅದನ್ನು ನೋಡಿ, "ಗಾಜಿಗೇನು ಲಗ್ನ ನಿಶ್ಚಯ ಆಗ್ಯಾದೇನ್ರಿ, ಇಷ್ಟು ಸಿಂಗಾರ?" ಅಂದಿದ್ದಳು. ತಟ್ಟೆಗಳನ್ನು ಶಾಲಿನಲ್ಲಿ ಸುತ್ತಿ ಹೈದರಾಬಾದ್ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು.

ಎಳ್ಳಮಾಸಿ ಮುಗಿದ ಮರುದಿನ, ಬುಧವಾರ, ಮೇಡಂ ಫೋನು ಬಂತು. ನಸೀರ್ ಸಾಹೇಬರು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು.

"ನಾಲ್ಕು ಕಣ್ಣಿಗೆ ನೀವು ಬೂಷ್ಟು ಇದೆ ಅಂತ ಬರೆದಿದ್ದೀರಿ ಸುವರ್ಣಾ. ನಮ್ಮ ತಟ್ಟೆಯಲ್ಲಿ ಒಂದರಲ್ಲೂ ಬೆಳೆದಿಲ್ಲ."

"ಮೇಡಂ, ಥಂಡಿ ಭಾಳ ಅದರಿ. ಬಸ್ಸಿನ್ಯಾಗ ತಟ್ಟಿ ಥಂಡಿ ಹಿಡದು ಸತ್ತಿರಬೇಕು."

"ನಾಲ್ಕಕ್ಕೆ ನಾಲ್ಕೂ? ಬೇರೆ ಊರಿನ ತಟ್ಟೆಗಳೂ ಬಸ್ಸಲ್ಲೇ ಬರ್ತವೆ, ಅವು ಬೆಳೆದಿವೆ. ಇಲ್ಲದ್ದನ್ನ ಇದೆ ಅನ್ನೋ ಲ್ಯಾಬು, ಇದ್ದದ್ದನ್ನ ಇಲ್ಲ ಅನ್ನೋ ಲ್ಯಾಬಿಗಿಂತ ಒಳ್ಳೇದೇನಲ್ಲ. ಸೋಮವಾರ ಬಂದು ಪೆಟ್ಟಿಗೆ ತಗೊಂಡು ಹೋಗ್ತೀನಿ."

ಫೋನು ಇಟ್ಟ ಮೇಲೆ ಸಾಹೇಬರು ನನ್ನ ಮುಖ ನೋಡಲಿಲ್ಲ. ಕನ್ನಡಕ ಒರೆಸುತ್ತಾ, "ತಟ್ಟಿಗಿ ನೆಗಡಿ ಬಂದಿತ್ತಂತ ಹೇಳಿದ್ಯಲ್ಲ, ಅದು ಛಲೋ ಇತ್ತು" ಅಂದರು. ನಗಲಿಲ್ಲ. ಆ ನಾಲ್ಕೂ ಗಾಜಿನಲ್ಲಿ ನೀಲಿ ಎಳೆಗಳನ್ನು ನನ್ನ ಕಣ್ಣಾರೆ ಕಂಡಿದ್ದೆ. ಸುಳ್ಳು ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಬರೀ ಗಾಜಿನ ಮೇಲೆ ಬರೀ ಬಣ್ಣ ಹಾಕಿ ನೋಡಿದೆ. ಕಪ್ಪು, ಏನೂ ಇಲ್ಲ. ಕೆರೆಯುವ ಮೊದಲು ನೋವಾಗದಂತೆ ಕಣ್ಣಿಗೆ ಬಿಡುವ ಜೋಮಿನ ಔಷಧದ ಹನಿ ಹಾಕಿ ನೋಡಿದೆ. ಅಲ್ಲೂ ಇಲ್ಲ. ಕೆರೆಯುವ ಅಲಗು ತೊಳೆದ ನೀರು ಹಾಕಿ ನೋಡಿದೆ. ಇಲ್ಲ. ಅಂದರೆ ಆ ಎಳೆಗಳು ನಮ್ಮ ಸಾಮಾನಿನಿಂದ ಬಂದವಲ್ಲ, ರೋಗಿಯ ಕಣ್ಣಿನಿಂದಲೇ ಬಂದವು. ಹಾಗಾದರೆ ಬೂಷ್ಟೇ ಅಲ್ಲವೇ? ತಲೆ ಹಿಡಿದುಕೊಂಡು ಕೂತೆ.

ಕಾಶೀಬಾಯಿ ಕೌದಿ ಸರಿಸಿ ಒಳಗೆ ಇಣುಕಿದಳು. "ಒಯ್ಯೋದ್ರೊಳಗ ನನಗೂ ಒಮ್ಮಿ ತೋರಸ್ರಿ ಬಾಯಾರ. ತಿಂಗಳಿಂದ ಗಾಜು ತೊಳದು ತೊಳದು ಬೆರಳು ಸವದಾವ, ಒಳಗ ಏನು ಕಾಣತದಂತ ಒಂದಿನಾನೂ ನೋಡಿಲ್ಲ."

ನಾಲ್ಕರಲ್ಲಿ ಒಂದನ್ನು ತೆಗೆದು ದೀಪದಡಿ ಇಟ್ಟು ಖುರ್ಚಿ ಬಿಟ್ಟುಕೊಟ್ಟೆ. ಅವಳು ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿ ಬಗ್ಗಿದಳು.

"ಏನು ಕಾಣಾಕತ್ತದ?"

"ಹತ್ತಿ."

"ಏನು?"

"ಹತ್ತಿ ಎಳಿರಿ. ಮತ್ತೇನು?"

"ಅದು ಬೂಷ್ಟು, ಕಾಶೀಬಾಯಿ."

"ನೀವು ಓದಿದವ್ರು ಇರ್ರಿ, ನಾ ಇಲ್ಲಂದಿಲ್ಲ. ಆದ್ರ ನಾ ಏಳು ವರ್ಷದಾಕಿ ಇದ್ದಾಗಿಂದ ದೀಪದ ಬತ್ತಿ ಹೊಸದೀನಿ. ಹತ್ತಿ ಹಿಂಜಿ ಬಿಸಲಿಗಿ ಹಿಡದ್ರ ಹಿಂಗೇ ಕಾಣತದ. ಚಪ್ಪಟ, ನಡುನಡು ಒಂದು ಮುರುಗಿ. ಬೂಷ್ಟು ಹ್ಯಾಂಗ ಇರತದ? ತಂಗಳ ರೊಟ್ಟಿ ಮ್ಯಾಲ ನೋಡೀರಿಲ್ಲ? ಬೇರಿನಂಗ ಟಿಸಿಲು ಒಡೀತದ. ಇದು ಎಲ್ಲೆರ ಟಿಸಿಲು ಒಡದದೇನು, ನೀವೇ ನೋಡ್ರಿ."

ನೋಡಿದೆ. ಒಡೆದಿರಲಿಲ್ಲ. ರಿಬ್ಬನ್ನಿನ ಹಾಗೆ ಚಪ್ಪಟೆ, ಅಲ್ಲಲ್ಲಿ ಒಂದು ತಿರುವು, ತುದಿಯವರೆಗೂ ಒಂಟಿ ಎಳೆ. ಎರಡನೆಯ ಗಾಜು, ಮೂರನೆಯದು, ನಾಲ್ಕನೆಯದು. ಎಲ್ಲವೂ ಹಾಗೇ. ಹತ್ತಿಗೂ ಅಂಥದೇ ಗೋಡೆ ಇರುತ್ತದೆ, ಈ ಬಣ್ಣ ಅದಕ್ಕೂ ಅಂಟುತ್ತದೆ ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದೆ, ಅಷ್ಟೆ. ಹೊಳೆದದ್ದೆಲ್ಲ ಬೂಷ್ಟು ಅಂತ ಹಂಬಲಿಸುವ ಕಣ್ಣಿಗೆ ಟಿಸಿಲು ಎಲ್ಲಿ ನೆನಪಾಗಬೇಕು?

ಹತ್ತಿ ಅಂದಮೇಲೆ, ಕಣ್ಣಿನೊಳಗೆ ಹತ್ತಿ ಎಲ್ಲಿಂದ ಬಂತು? ಅರಳೆ ಬಳಸುವುದನ್ನು ಮೇಡಂ ಮೊದಲ ದಿನವೇ ಬಿಡಿಸಿದ್ದರು. ಯೋಚಿಸುತ್ತಾ ಹೊರಗೆ ಹಾಲಿಗೆ ಬಂದೆ. ಬೆಂಚಿನ ಮೇಲೆ ದುಬಲಗುಂಡಿಯ ಮುದುಕಿಯೊಬ್ಬಳು ಕಣ್ಣು ಹಿಡಿದುಕೊಂಡು ನರಳುತ್ತಿದ್ದಳು. ನನಗಿಂತ ಮೊದಲೇ ಹೊರಗೆ ಬಂದಿದ್ದ ಕಾಶೀಬಾಯಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಳಬ್ಯಾಡ ಅವ್ವಾ, ಜರಾ ಶಾಖ ಕೊಡತೀನಿ" ಅಂತ ತನ್ನ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಗೆ ಹಿಡಿದು ಹಾ ಅಂತ ಬಿಸಿ ಉಸಿರು ಊದಿ, ಮೆಲ್ಲಗೆ ಕಣ್ಣಿಗೆ ಒತ್ತಿದಳು. ಮತ್ತೆ ಊದಿದಳು, ಮತ್ತೆ ಒತ್ತಿದಳು.

ನಾನು ಬಾಗಿಲಲ್ಲೇ ನಿಂತೆ. ಆ ನೋಟ ನನಗೆ ಹೊಸದಲ್ಲ, ಅದೇ ತೊಂದರೆ. ಕಲ್ಯಾಣದಲ್ಲಿ ನಮ್ಮ ಆಯಿ ನನಗೆ ಹಾಗೇ ಮಾಡುತ್ತಿದ್ದಳು. ಕಣ್ಣಿಗೆ ಏನು ಬಿದ್ದರೂ, ಅತ್ತರೂ, ಬೇನೆ ಬಂದರೂ ಸೆರಗಿನ ಉಂಡೆ, ಬಾಯಿಯ ಬಿಸಿ. ನಸೀರ್ ಸಾಹೇಬರ ಅಮ್ಮಿಯೂ ದುಪಟ್ಟಾದಿಂದ ಹಾಗೇ ಮಾಡುತ್ತಿದ್ದರಂತೆ. ಈ ಸೀಮೆಯಲ್ಲಿ ಹುಟ್ಟಿದ ಯಾವ ಕಣ್ಣೂ ಆ ಶಾಖ ತಪ್ಪಿಸಿಕೊಂಡಿಲ್ಲ. ಹಾಗಾಗಿ ತಿಂಗಳಿಡೀ ನಮ್ಮ ಕಣ್ಣೆದುರೇ ನಡೆದರೂ ಅದು ನಮ್ಮಲ್ಲಿ ಯಾರಿಗೂ ಕಾಣಲಿಲ್ಲ. ರಾಶಿಯ ಗಾಯಕ್ಕೆ ಮನೆಯಲ್ಲೇ ನಾಲ್ಕು ದಿನ ಶಾಖ, ಬಸ್ಸಿನಲ್ಲಿ ಶಾಖ, ಕೊನೆಗೆ ನಮ್ಮ ಬೆಂಚಿನ ಮೇಲೂ ಶಾಖ.

ಕಾಶೀಬಾಯಿಯನ್ನು ಒಳಗೆ ಕರೆದೆ. ಅವಳ ಸೆರಗಿನ ತುದಿಯನ್ನು ಗಾಜಿನ ಮೇಲೆ ಒಮ್ಮೆ ಝಾಡಿಸಿ, ಬಣ್ಣ ಹಾಕಿ, ದೀಪ ಹಚ್ಚಿದೆ. ಅದೇ ನೀಲಿ, ಅದೇ ಮುರುಗಿ. ಅವಳು ನೋಡಿ, ಎದ್ದು, ಗೋಡೆಗೆ ಆನಿಕೊಂಡಳು.

"ಹಂಗಾದ್ರ ಪೆಟ್ಟಿಗಿ ಹೋಗೋದು ನನ್ನ ಕೈಯಿಂದ?"

"ನಿನ್ನ ಕೈ ಅಲ್ಲ. ನಮ್ಮ ಆಯಿದು, ನಿಮ್ಮವ್ವಂದು, ಎಲ್ಲಾರದು."

"ಅವ್ರು ಸತ್ತು ಪುಣ್ಯವಂತರಾದ್ರು. ಬೈಸ್ಕೊಳ್ಳಾಕ ನಾ ಒಬ್ಬಾಕಿ ಉಳದೀನಿ," ಅಂದಳು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಗಿಸಿಕೊಂಡಳು. "ಸೋಮವಾರಕ್ಕ ಇನ್ನಾ ನಾಕು ದಿನ ಅವಲ್ಲ? ಹೇಳ್ರಿ, ಏನ್ ಮಾಡಬೇಕು."

ಮಾಡಬೇಕಾದ್ದು ಒಂದೇ ಇತ್ತು. ನನ್ನ ಕಣ್ಣು ಹತ್ತಿಯನ್ನೂ ಬೂಷ್ಟನ್ನೂ ಬೇರೆ ಮಾಡುವುದನ್ನು ಕಲಿಯಬೇಕಿತ್ತು. ಶುಕ್ರವಾರ ಕಾಶೀಬಾಯಿ ತಂಗಳ ರೊಟ್ಟಿಯ ಮೇಲೆ ಬಂದ ಬೂಷ್ಟು ತಂದಳು, ಜೊತೆಗೆ ಹಳೇ ಧೋತರದ ತುಂಡು. ನಾನು ಗಾಜು ಮಾಡಿದೆ: ಕೆಲವಕ್ಕೆ ಹತ್ತಿ, ಕೆಲವಕ್ಕೆ ಬೂಷ್ಟು, ಕೆಲವಕ್ಕೆ ಎರಡೂ, ಕೆಲವಕ್ಕೆ ಏನೂ ಇಲ್ಲ. ಅವಳು ಅಂಚಿಗೆ ತನಗಷ್ಟೇ ತಿಳಿಯುವ ಗುರುತು ಹಾಕಿಕೊಂಡು, ಇಸ್ಪೀಟಿನ ಹಾಗೆ ಕಲಸಿ ಒಂದೊಂದಾಗಿ ಕೊಟ್ಟಳು. ತಪ್ಪಿದಾಗಲೆಲ್ಲ ನಾಲಿಗೆ ಲೊಚಗುಟ್ಟಿಸಿದಳು. ಮಧ್ಯಾಹ್ನದವರೆಗೆ ತಪ್ಪಿದೆ. ಊಟದ ಮೇಲೆ ಕಡಿಮೆ ತಪ್ಪಿದೆ. ಬೂಷ್ಟಿನ ಎಳೆ ಹತ್ತಿಗಿಂತ ಸಣ್ಣದು, ಕೊಳವೆಯ ಹಾಗೆ, ಟಿಸಿಲು ಒಡೆಯುತ್ತದೆ. ನಮಗೆ ಬೇಕಾದ ಜಾತಿಯದರಲ್ಲಿ ಕಬ್ಬಿನ ಗೆಣ್ಣಿನ ಹಾಗೆ ಅಡ್ಡಗೆರೆಗಳೂ ಇರುತ್ತವೆ, ಅದನ್ನು ಮೇಡಂ ಕೊಟ್ಟ ಮಾದರಿ ಗಾಜಿನಲ್ಲಿ ಮತ್ತೆ ಮತ್ತೆ ನೋಡಿದೆ. ಕೊನೆಯ ಬಸ್ಸಿನ ಹೊತ್ತಿಗೆ ಸಾಲಾಗಿ ಇಪ್ಪತ್ತು ಗಾಜು ತಪ್ಪದೆ ಹೇಳಿದ್ದೆ. ಕಾಶೀಬಾಯಿ, "ಈಗ ಬತ್ತಿ ಹೊಸಿಯಾಕ ಕುಂದ್ರಬೌದು ನೀವು" ಅಂದಳು.

ಶನಿವಾರ ಘಾಟಬೋರಾಳದಿಂದ ಪಾರಮ್ಮ ಬಂದಳು. ನಲವತ್ತರ ಹೆಂಗಸು, ರಾಶಿ ಮಾಡುವ ಗುಂಪಿನ ಮುಂದಾಳು, ಬಾಯಿ ಜೋರು. ಬಲಗಣ್ಣಿಗೆ ಕಟಗಿ ಬಡಿದು ಐದು ದಿನ. ಐದೂ ದಿನ ಸೆರಗಿನ ಶಾಖ. ಕರಿಗುಡ್ಡೆಯ ಅಂಚಿನಲ್ಲಿ ಬಿಳಿ ಚುಕ್ಕೆ.

"ಹೈದ್ರಾಬಾದಿಗಿ ಬರದು ಕೊಡಲೇನು?" ಅಂದರು ಸಾಹೇಬರು.

"ನಾ ಬೀದರೇ ನೋಡಿಲ್ರಿ ಸಾಹೇಬ್ರ, ಹೈದ್ರಾಬಾದ್ ಯಾರು ತೋರಸ್ತಾರ? ಮಾಡೋದು ಇಲ್ಲೇ ಮಾಡ್ರಿ. ಇಲ್ಲಂದ್ರ ಒಂದು ಕಣ್ಣಿಲೇ ತೊಗರಿ ಹಸನ ಮಾಡ್ತೀನಿ, ಕಲ್ಲು ಉಳದ್ರ ತಿನ್ನೋರ ನಸೀಬ."

ನೀರಿನಿಂದ ಕಣ್ಣು ಚೆನ್ನಾಗಿ ತೊಳೆಸಿ ಸಾಹೇಬರು ಕೆರೆದುಕೊಟ್ಟರು. ಸಾದಾ ಗಾಜಿನಲ್ಲಿ ನನಗೇನೂ ಕಾಣಲಿಲ್ಲ. ಕತ್ತಲ ಕೋಣೆಗೆ ಹೋದೆ. ದೀಪದಡಿ ಮೊದಲು ಕಂಡದ್ದು ಹತ್ತಿ, ತೊಳೆದ ಮೇಲೂ ಉಳಿದದ್ದು. ಗಾಜನ್ನು ಅಂಚಿನಿಂದ ಅಂಚಿಗೆ, ಹೊಲ ಹರಗಿದ ಹಾಗೆ ಸಾಲು ಬಿಡದೆ ಸರಿಸಿದೆ. ಕೆಳಗಿನ ಮೂಲೆಯಲ್ಲಿ, ಒಂದು ಹತ್ತಿ ಎಳೆಯ ಹಿಂದೆ, ಸಣ್ಣದೊಂದು ಗೆರೆ. ಸೂಕ್ಷ್ಮದರ್ಶಕದ ಗುಂಡಿ ಕೂದಲೆಳೆಯಷ್ಟು ತಿರುವಿದೆ. ಆ ಗೆರೆ ಎರಡಾಗಿ ಒಡೆಯಿತು. ಒಡೆದದ್ದರಲ್ಲಿ ಒಂದು ಮತ್ತೆ ಒಡೆದಿತ್ತು. ಗೆಣ್ಣು ಎಣಿಸಿದೆ.

ಸಾಹೇಬರು ಹಿಂದೆ ಬಂದು ನಿಂತಿದ್ದರು. "ಸುವರ್ಣಾ, ಖರೆ ಹೇಳು. ಹತ್ತಿನೋ ಬೂಷ್ಟೋ?"

"ಎರಡೂ ಅವರಿ."

"ಎರಡೂ ಅಂದ್ರ ಲೀಡರ್ ಮಾತಾಯ್ತು. ನಾ ಔಷಧ ಯಾವದು ಹಾಕ್ಲಿ?"

"ಬೂಷ್ಟು ಅದ. ನೀವೇ ನೋಡ್ರಿ."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಹೋಗಿ ತಮ್ಮ ಕಣ್ಣು ಪರೀಕ್ಷೆಯ ದೀಪದಲ್ಲಿ ಪಾರಮ್ಮನ ಕಣ್ಣನ್ನು ಮತ್ತೊಮ್ಮೆ ನೋಡಿದರು. ಹುಣ್ಣಿನ ಅಂಚು ಹಕ್ಕಿಯ ಗರಿಯ ಹಾಗಿದೆ, ಅದು ಬೂಷ್ಟಿನ ಗುರುತು, ತಮಗೂ ಮೊದಲಿಂದ ಅದೇ ಅನುಮಾನ ಅಂದರು. ಮೇಡಂಗೆ ಫೋನು ಮಾಡಿ, "ನಿಮ್ಮ ದೀಪ ನೋಡಿ ಔಷಧ ಹಾಕಬಾರದಂತ ಹೇಳೀರಿ. ನಾ ನನ್ನ ಕಣ್ಣಿಲೇ ನೋಡಿ ಹಾಕಾಕತ್ತೀನಿ, ದೀಪ ಹೌದು ಅನ್ನಾಕತ್ತದ, ಅಷ್ಟೇ" ಅಂದರು. ತಾಸಿಗೊಂದು ಹನಿ. ಘಾಟಬೋರಾಳಕ್ಕೆ ಹೋದರೆ ಅದು ನಡೆಯುವುದಿಲ್ಲ ಅಂತ ಕಾಶೀಬಾಯಿ ಪಾರಮ್ಮನನ್ನು ಹುಮನಾಬಾದಿನ ತನ್ನ ಮನೆಗೇ ಕರೆದುಕೊಂಡು ಹೋದಳು. ನಾನು ಲಕೋಟೆಯಲ್ಲಿ "ಬೂಷ್ಟು ಇದೆ, ಹತ್ತಿಯೂ ಇದೆ" ಅಂತ ಬರೆದು ಮುಚ್ಚಿ, ತಟ್ಟೆಯ ಜೊತೆ ಬಸ್ಸಿಗೆ ಹಾಕಿದೆ. ಇದೂ ತಪ್ಪಾದರೆ ಮುಂದೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಸೋಮವಾರ ಮೇಡಂ ದೊಡ್ಡ ಖಾಲಿ ಚೀಲ ಹಿಡಿದು ಬಂದರು. ನಾನು ನಾಲ್ಕು ಗಾಜನ್ನೂ ಅವರ ಮುಂದಿಟ್ಟೆ. "ಈ ನಾಲ್ಕೂ ಹತ್ತಿ ಮೇಡಂ. ತಪ್ಪು ನಂದು." ಸೆರಗಿನ ವಿಷಯ ಹೇಳಿದೆ. ಅವರು ಒಂದೊಂದಾಗಿ ನೋಡಿ ತಲೆ ಎತ್ತಿದರು.

"ನಿಜ, ಹತ್ತಿನೇ. ಆದರೆ ನಮ್ಮ ಉತ್ತರ ಗೊತ್ತಾದ ಮೇಲೆ ನೀವು ತಿದ್ದಿದ್ದು. ಇದನ್ನ ನಾನು ಲೆಕ್ಕಕ್ಕೆ ಹಿಡಿಯೋಕೆ ಆಗೋದಿಲ್ಲ."

"ಹಿಡೀಬ್ಯಾಡ್ರಿ. ನಾಲ್ಕೂ ತಪ್ಪು ಅಂತಲೇ ಇರಲಿ. ಶನಿವಾರದ ಲಕೋಟೆ ಇನ್ನಾ ಮುಚ್ಚೇ ಅದ, ಅದನ್ನ ನೋಡ್ರಿ."

ಅವರು ತಮ್ಮ ಲ್ಯಾಬಿಗೆ ಫೋನು ಮಾಡಿದರು. ಶನಿವಾರದ ತಟ್ಟೆಯಲ್ಲಿ ಇನ್ನೂ ಏನೂ ಇಲ್ಲ ಅಂತ ಅಲ್ಲಿಂದ ಹೇಳಿದ್ದು ನನಗೂ ಕೇಳಿಸಿತು.

"ಬೂಷ್ಟು ನಿಧಾನ ಬೆಳೆಯತ್ತೆ," ಅಂದರು ಮೇಡಂ ಫೋನು ಇಟ್ಟು. "ಬುಧವಾರದವರೆಗೆ ನೋಡ್ತೀನಿ."

ಕಾಶೀಬಾಯಿ ಅವರ ಕೈಯಿಂದ ಚೀಲ ಇಸಿದುಕೊಂಡಳು. "ಇದು ಇಲ್ಲೇ ಇರಲ್ರಿ. ಬುಧವಾರ ಹಂಗೇನಾದ್ರ ನಾನೇ ತುಂಬಿ ಬಸ್ಸಿಗಿ ಹಾಕ್ತೀನಿ. ನೀವು ಮತ್ತ ಬರೋ ತ್ರಾಸ ಯಾಕ?" ಮೇಡಂ ಮೊದಲ ಸಲ ನಕ್ಕದ್ದು ನೋಡಿದೆ.

ಮಂಗಳವಾರ ಹೇಗೆ ಕಳೆಯಿತೋ ನೆನಪಿಲ್ಲ. ಬುಧವಾರ ಹನ್ನೊಂದಕ್ಕೆ ಫೋನು ಬಂತು. "ಬೆಳೆದಿದೆ ಸುವರ್ಣಾ. ತಟ್ಟೆಯಲ್ಲಿ ನೀವು ಸವರಿದ ಗೆರೆಯ ಮೇಲೇ, ಹತ್ತಿ ಅರಳಿದ ಹಾಗೆ ಬೆಳ್ಳಗೆ" ಅಂದು ತಾವೇ ತಡೆದು, "ಹತ್ತಿ ಅಂದೆ ಅಂತ ಮತ್ತೆ ಹೆದರಬೇಡಿ. ಇದು ಬೂಷ್ಟೇ" ಅಂದರು. ಲಕೋಟೆ ಒಡೆದು ನಾನು ಬರೆದದ್ದನ್ನು ಫೋನಿನಲ್ಲೇ ಓದಿದರು. ರಾಶಿ ಮುಗಿಯುವವರೆಗೆ ಪೆಟ್ಟಿಗೆ ಇರಲಿ ಅಂದರು.

ಆಮೇಲಿನ ವಾರಗಳಲ್ಲಿ ದವಾಖಾನೆಯ ಬಾಗಿಲು ಕಾಶೀಬಾಯಿಯ ಕೈಗೆ ಹೋಯಿತು. ಬಂದವರ ಟವೆಲ್ಲು, ರುಮಾಲು, ಎಲ್ಲವನ್ನೂ ಗುಡಿಯ ಮುಂದೆ ಚಪ್ಪಲಿ ಬಿಡಿಸಿದ ಹಾಗೆ ಬುಟ್ಟಿಗೆ ಹಾಕಿಸುವಳು. ಹೆಂಗಸರಿಗೆ, "ಸೆರಗು ಸೊಂಟಕ್ಕ ಸಿಗಸು, ಕಣ್ಣಿಗಿ ನೀರು ಹೊಡ್ಕೋ. ಶಾಖ ಬೇಕಂದ್ರ ಬಿಸಲಾಗ ಕುಂದ್ರು ಹೋಗು" ಅನ್ನುವಳು. ಒಬ್ಬ ಮುದುಕ, "ಐವತ್ತು ವರ್ಷ ಊದೀವಿ, ಯಾರೂ ಬ್ಯಾಡಂದಿದ್ದಿಲ್ಲ" ಅಂತ ಜಗಳಕ್ಕೆ ನಿಂತ. "ಐವತ್ತು ವರ್ಷ ನಾನೂ ಊದೀನಿ ಕಾಕಾ. ದೀಪ ಹಚ್ಚಿ ನೋಡಿದ್ದಿಲ್ಲ" ಅಂದಳು. ಮುದುಕ ಟವೆಲ್ಲು ಬುಟ್ಟಿಗೆ ಹಾಕಿದ. ಆ ಹಂಗಾಮಿನಲ್ಲಿ ಮುಂದೆ ನಾನು ಬರೆದ ಯಾವ ಲಕೋಟೆಯನ್ನೂ ಮೇಡಂ ತಪ್ಪು ಅನ್ನಲಿಲ್ಲ. ಮೊದಲ ನಾಲ್ಕನ್ನು ಮಾತ್ರ ಕೊನೆಯ ವರದಿಯಲ್ಲಿ ತಪ್ಪು ಅಂತಲೇ ಬರೆದರು, ಕಾರಣದ ಸಮೇತ. ಶಿವರಾತ್ರಿಯ ಹೊತ್ತಿಗೆ ರಾಶಿ ಮುಗಿಯಿತು. ಪೆಟ್ಟಿಗೆ ಹುಮನಾಬಾದಿನಲ್ಲೇ ಉಳಿಯಿತು.

ಯುಗಾದಿಗೆ ಎಂಟು ದಿನ ಇರುವಾಗ ಪಾರಮ್ಮ ಒಬ್ಬಳೇ ಬಸ್ಸು ಹತ್ತಿ ಬಂದಳು. ಸಾಹೇಬರು ಅವಳನ್ನು ಖುರ್ಚಿಯ ಮೇಲೆ ಕೂರಿಸಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿ, ಆರು ಹೆಜ್ಜೆ ಹಿಂದೆ ಸರಿದು ಬೆರಳು ಎತ್ತಿ ತೋರಿಸಿದರು.

"ಎಷ್ಟು?"

"ಮೂರು. ಅದು ಬಿಡ್ರಿ ಸಾಹೇಬ್ರ, ನಿಮ್ಮ ಅಂಗಿಗಿ ಎರಡನೇ ಗುಂಡಿ ಇಲ್ಲ."

ನಸೀರ್ ಸಾಹೇಬರು ತಲೆ ಬಗ್ಗಿಸಿ ನೋಡಿಕೊಂಡರು. ಇರಲಿಲ್ಲ.